ಎಡೆಗಿಟ್ಟ ಖಾಕಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಟೈಲರ್ ಜಯರಾಮಪ್ಪನಿಗೆ ಬಟ್ಟೆ ಕೊಡಿ, ಮಾತು ಮಾತ್ರ ಕೊಡಬೇಡಿ ಅನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಪೊಲೀಸಿನವರ ಯೂನಿಫಾರಂ ಹೊಲಿಯುತ್ತಿದ್ದೇನೆ. ಆ ಜನಕ್ಕೆ ಎಲ್ಲವೂ ನಾಳೆಗೇ ಬೇಕು. ಪರೇಡ್ ಯಾವತ್ತು ಅಂತ ವರ್ಷಕ್ಕೆ ಮುಂಚೆ ಗೊತ್ತಿದ್ದರೂ ಬಟ್ಟೆ ತರುವುದು ಹಿಂದಿನ ದಿನ. ಕೋಪ ಬರದೆ ಇನ್ನೇನು ಬರುತ್ತೆ ಹೇಳಿ! ಆದರೆ ಇದೇ ಕೋಪ ಹೋದ ಮಹಾಲಯ ಅಮಾವಾಸ್ಯೆಯಂದು ಒಂದು ಮನೆಯಲ್ಲಿ ಏನು ಮಾಡಿಟ್ಟಿತು ಅನ್ನುವುದನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಶ್ರೀಧರ್ ಅಂತ ಒಬ್ಬ ಕಾನ್‌ಸ್ಟೆಬಲ್ ಇದ್ದ. ಕಾಮಸಮುದ್ರದ ಪಕ್ಕದ ಹಳ್ಳಿಯವನು, ಕೆ.ಜಿ.ಎಫ್ ಕಡೆಯ ಠಾಣೆಯಲ್ಲಿ ಕೆಲಸ. ನಾಳೆಗೇ ಬೇಕು ಅನ್ನದ ಒಬ್ಬನೇ ಒಬ್ಬ ಪೊಲೀಸ್ ಅವನು. ‘ನಿಧಾನಕ್ಕೆ ಒಲೀರಿ ಅಣ್ಣ, ನಾನೇನು ಮದ್ವೆಗೋಗ್ತೀನಾ’ ಅನ್ನುತ್ತಿದ್ದ. ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಗಡಿಯ ಕಾಡಿನಿಂದ ಇಳಿದ ಆನೆಯೊಂದು ಬೆಳಿಗ್ಗೆ ಎಂಟು ಗಂಟೆಗೆ ಟೊಮೇಟೊ ತೋಟದಲ್ಲಿ ನಿಂತುಬಿಟ್ಟಿತ್ತು. ನೋಡಲು ಸುತ್ತಲ ಹಳ್ಳಿಯ ಜನವೆಲ್ಲ ಫೋನು ಎತ್ತಿಕೊಂಡು ಮುಗಿಬಿದ್ದರು. ಜನರನ್ನು ಹಿಂದಕ್ಕೆ ತಳ್ಳುವ ಬಂದೋಬಸ್ತಿಗೆ ಶ್ರೀಧರನನ್ನು ಹಾಕಿದ್ದರು. ಆನೆ ತಿರುಗಿದಾಗ ಓಡುತ್ತಿದ್ದವನೊಬ್ಬ ಬದುವಿನ ಮೇಲೆ ಎಡವಿ ಬಿದ್ದ. ಶ್ರೀಧರ್ ವಾಪಸ್ ಹೋಗಿ ಅವನನ್ನು ಎತ್ತಿ ಆಚೆಗೆ ತಳ್ಳಿದ. ಬಿದ್ದವನು ಬದುಕಿದ, ಶ್ರೀಧರ್ ಉಳಿಯಲಿಲ್ಲ. ಮೂವತ್ತನಾಲ್ಕು ವರ್ಷ. ಸುದ್ದಿ ಬಂದಾಗ ಅವನ ಒಂದು ಪ್ಯಾಂಟು ನನ್ನ ಮೆಷಿನ್ನಿನ ಮೇಲೇ ಇತ್ತು. ಅವತ್ತು ಅಂಗಡಿ ಬಾಗಿಲು ಹಾಕಿ ಅತ್ತುಬಿಟ್ಟೆ. ಅದನ್ನು ಮುಚ್ಚಿಡುವುದೇನಿದೆ?

ಅವನ ತಾಯಿ ಮುನಿರತ್ನಮ್ಮ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು, ಹಾಗಾಗಿ ಅಕ್ಕ ಅನ್ನುತ್ತೇನೆ. ಗಂಡ ರಾಮಚಂದ್ರಪ್ಪ ಹೋಗಿ ಬಹಳ ವರ್ಷವಾಯಿತು. ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮಗನನ್ನು ಓದಿಸಿದವಳು. ಮಗ ಹೋದ ಮೇಲೆ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ ಖಾಕಿ ಬಟ್ಟೆ ತಂದು ನನ್ನ ಟೇಬಲ್ಲಿನ ಮೇಲಿಡುತ್ತಾಳೆ. ‘ಅದೇ ಅಳ್ತೆ ಕಣಪ್ಪ, ಎಡೆಗಿಡ್ಬೇಕು’ ಅನ್ನುತ್ತಾಳೆ. ನಮ್ಮ ಕಡೆ ಆ ದಿನ ಹಿರಿಯರಿಗೆ ಎಲೆ ಹಾಕಿ ಅಡುಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು ಪೂಜೆ ಮಾಡುತ್ತೇವೆ. ಆಮೇಲೆ ಆ ಬಟ್ಟೆಯನ್ನು ಮನೆಯವರು ಯಾರಾದರೂ ಉಡಬೇಕು. ಉಟ್ಟರೆ ಹೋದವರಿಗೆ ಮುಟ್ಟಿತು ಅಂತ ನಂಬಿಕೆ. ರಾಮಚಂದ್ರಪ್ಪನಿಗೆ ಇಟ್ಟ ಪಂಚೆಯನ್ನು ಮೈದುನನ ಮಗ ಉಡುತ್ತಾನೆ. ಖಾಕಿಯನ್ನು ಯಾರು ಉಡುತ್ತಾರೆ? ಪೊಲೀಸ್ ಅಲ್ಲದವರು ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಎರಡು ವರ್ಷದ ಎರಡು ಜೊತೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿದ್ದವು. ‘ನನ್ ಮಗುಂಗೆ ಒಂದೂ ಮುಟ್ಟಿಲ್ಲ ಕಣಪ್ಪ’ ಅಂತ ಅಕ್ಕ ಹೇಳುವಾಗ ನಾನು ತಲೆ ಬಗ್ಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ.

ಈ ಸಲ ಅಕ್ಕ ಬಟ್ಟೆ ಕೊಟ್ಟುಹೋದ ನಾಲ್ಕನೇ ದಿನಕ್ಕೆ ಸೊಸೆ ಕಲ್ಪನ ಬಂದಳು. ಅವಳ ಕೈಯಲ್ಲೂ ಖಾಕಿ.

“ಇದು ನಂಗೆ ಅಣ್ಣ. ಸೋಮವಾರ ಡ್ಯೂಟಿಗೆ ರಿಪೋರ್ಟ್ ಮಾಡ್ಕೋಬೇಕು,” ಅಂದಳು.

ನನಗೆ ಅರ್ಥವಾಗಲಿಲ್ಲ. ಗಂಡನ ಬದಲಿಗೆ ಇಲಾಖೆ ಅವಳಿಗೆ ಕೆಲಸ ಕೊಟ್ಟಿದ್ದು ಗೊತ್ತಿತ್ತು. ಆಫೀಸಿನಲ್ಲಿ ಫೈಲು ನೋಡುವ ಕೆಲಸ ಅಂತ ಅಕ್ಕನೇ ಹೇಳಿದ್ದಳು. ಒಂಬತ್ತು ತಿಂಗಳು ಆಫೀಸ್ ಟ್ರೈನಿಂಗಿಗೆ ಹೋಗಿದ್ದಾಳೆ, ಮೊಮ್ಮಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ ಅಂತಲೂ ಅಂದಿದ್ದಳು.

“ಆಫೀಸ್ ಕೆಲ್ಸನೇ ಕೊಡ್ತೀವಿ ಅಂದ್ರು. ನಾನೇ ಬ್ಯಾಡ ಅಂತ ಕಾನ್‌ಸ್ಟೆಬಲ್ ಕೇಳ್ಕೊಂಡೆ,” ಅಂದಳು ಕಲ್ಪನ. “ಅತ್ತೆಗೆ ಏಳಿಲ್ಲ. ಮೊದ್ಲೇ ಅಂದಿದ್ರು, ಒಬ್ಬುನ್ನ ಕೊಟ್ಟಿದ್ದು ಸಾಕು, ಇನ್ನೊಬ್ಳನ್ನ ಕೊಡಲ್ಲ ಅಂತ.”

“ಮತ್ತೆ ಡ್ರೆಸ್ಸು?”

“ಸೀರೇಲೇ ಮನೆ ಬಿಡ್ತೀನಿ. ಠಾಣೇಲಿ ಬದ್ಲಾಯಿಸ್ಕೊಂತೀನಿ.”

ನನಗೆ ಕೋಪ ನೆತ್ತಿಗೇರಿತು. ಎಷ್ಟು ದಿನ ಈ ನಾಟಕ ಅಂತ ಬೈದೆ. ಅಕ್ಟೋಬರ್ ಇಪ್ಪತ್ತೊಂದಕ್ಕೆ ಪೊಲೀಸ್ ಹುತಾತ್ಮರ ದಿನ ಬರುತ್ತೆ, ಕೆ.ಜಿ.ಎಫ್ ಪರೇಡಿಗೆ ನಿಮ್ಮತ್ತೆಯನ್ನು ಕರೆದು ಮುಂದಿನ ಸಾಲಲ್ಲಿ ಕೂರಿಸುತ್ತಾರೆ, ಆಗ ಎಲ್ಲಿ ಬಚ್ಚಿಟ್ಟುಕೊಳ್ಳುತ್ತೀಯ ಅಂತ ಕೇಳಿದೆ.

ಕಲ್ಪನ ಕಣ್ಣು ಒರೆಸಿಕೊಂಡಳು. “ಅವತ್ತಿನ ಪರೇಡಲ್ಲಿ ನನ್ನೂ ಆಕವ್ರೆ ಅಣ್ಣ. ಅವ್ರ ಎಸ್ರು ಓದೋವಾಗ ನಾನು ಸಾಲಲ್ಲಿ ನಿಂತಿರ್ಬೇಕು. ಅತ್ತೆನೂ ಅಲ್ಲಿರ್ಬೇಕು. ಎರಡೂ ಬೇಕು ನಂಗೆ. ಅಬ್ಬ ಕಳೀಲಿ, ನಾನೇ ಏಳ್ತೀನಿ. ನೀವು ಬಾಯ್ಬಿಡ್ಬೇಡ್ರಿ.”

ಆಯ್ತು ಬಿಡು ಅಂದೆ. ಅಳತೆ ತೆಗೆದೆ. ಇಲ್ಲಿ ನನ್ನ ಅಳತೆ ಪುಸ್ತಕದ ಪದ್ಧತಿ ಹೇಳಬೇಕು. ನಾನು ಆಳಿಗೊಂದು ಪುಟ ಇಡುವವನಲ್ಲ, ಮನೆಗೊಂದು ಪುಟ. ಅಪ್ಪನ ಕೆಳಗೆ ಮಗ, ಅಣ್ಣನ ಕೆಳಗೆ ತಮ್ಮ. ಬಟ್ಟೆಗೆ ಚುಚ್ಚುವ ಚೀಟಿಯಲ್ಲೂ ಮನೆಯ ಹೆಸರೇ. ನಮ್ಮಪ್ಪನ ಕಾಲದಿಂದ ಹಾಗೇ ನಡೆದುಬಂದಿದೆ. ಕಲ್ಪನಳ ಅಳತೆಯನ್ನು ಶ್ರೀಧರನ ಅಳತೆಯ ಕೆಳಗೆ ಬರೆದುಕೊಂಡೆ. ಎರಡು ಗಂಟಿಗೂ ‘ಕಾಮಸಮುದ್ರ ಶ್ರೀಧರ್ ಮನೆ’ ಅಂತಲೇ ಚೀಟಿ ಬಿತ್ತು.

ಎರಡನ್ನೂ ಸರಿಯಾಗಿಯೇ ಹೊಲಿದೆ. ಕಲ್ಪನ ತನ್ನ ಹೆಸರಿನ ಪಟ್ಟಿ ಕೊಟ್ಟುಹೋಗಿದ್ದಳು, ಅದನ್ನು ಜೇಬಿನ ಮೇಲೆ ಸಿಕ್ಕಿಸಿಟ್ಟೆ. ಕಾಜ, ಗುಂಡಿಯ ಕೆಲಸಕ್ಕೆ ಕೆ.ಜಿ.ಎಫ್ ಗಣಿ ಕಾರ್ಮಿಕರ ಮೈಸೂರು ಮೈನ್ಸ್ ಲೈನುಗಳಿಂದ ಸೆಲ್ವಿ ಬರುತ್ತಾಳೆ. ಅವಳೇ ಇಸ್ತ್ರಿ ಮಾಡಿ, ಎರಡನ್ನೂ ಪೇಪರಿನಲ್ಲಿ ಸುತ್ತಿ, ಆ ಒಂದೇ ಥರದ ಚೀಟಿ ಚುಚ್ಚಿ ಷೆಲ್ಫಿನಲ್ಲಿಟ್ಟಳು. ಶನಿವಾರ, ಅಮಾವಾಸ್ಯೆಯ ಹಿಂದಿನ ದಿನ, ಅಂಗಡಿ ತುಂಬ ಜನ. ಮುನಿರತ್ನಮ್ಮಕ್ಕ ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲೇ ನಿಂತಿದ್ದಳು. ನಾನು ಕೈಗೆ ಸಿಕ್ಕ ಪೊಟ್ಟಣ ಎಳೆದೆ.

“ಅಣ್ಣಾ, ಕೊಂಚಂ ಬಿಚ್ಚಿ ನೋಡಿ ಕೊಡಣ್ಣಾ,” ಅಂದಳು ಸೆಲ್ವಿ.

“ನೀನು ಹುಟ್ಟೋಕೆ ಮುಂಚೆಯಿಂದ ಹೊಲೀತಿದೀನಿ. ನಂಗೇ ಹೇಳ್ಕೊಡ್ತೀಯಾ?” ಅಂತ ಎಲ್ಲರೆದುರಿಗೆ ರೇಗಿದೆ. ಪಾಪ, ಅವಳು ಗುಂಡಿ ಹೊಲಿಯಲು ತಿರುಗಿದಳು, ನಾನು ಪೊಟ್ಟಣವನ್ನು ಅಕ್ಕನ ಕೈಗಿಟ್ಟೆ.

ಸೋಮವಾರ ಅಂಗಡಿ ತೆಗೆಯುವ ಮುಂಚೆಯೇ ಕಲ್ಪನ ಬಂದು ಒಯ್ಯಲಿ ಅಂತ, ಭಾನುವಾರ ಬೆಳಿಗ್ಗೆ ಅವಳ ಪೊಟ್ಟಣವನ್ನು ನಮ್ಮ ಮನೆಗೆ ಒಯ್ದಿಡಲು ಎತ್ತಿಕೊಂಡೆ. ಯಾಕೋ ಭಾರ ಅನ್ನಿಸಿತು. ಬಿಚ್ಚಿದರೆ ನಲವತ್ತು ಇಂಚು ಎದೆಯ ಷರ್ಟು! ಶ್ರೀಧರನ ಅಳತೆ ಅದು. ಹಾಗೇ ಕಂಕುಳಲ್ಲಿ ಅವುಚಿಕೊಂಡು ಕಾಮಸಮುದ್ರದ ಬಸ್ಸು ಹತ್ತಿದೆ. ಅಕ್ಕ ಇನ್ನೂ ಪೊಟ್ಟಣ ಬಿಚ್ಚಿರಬಾರದಪ್ಪ ದೇವರೇ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಗೆ ಅಪ್ಪ ಮಗನ ಫೋಟೋ ಒರಗಿಸಿ, ಮುಂದೆ ಎರಡು ಎಲೆ ಹಾಕಿ ಮುದ್ದೆ, ಸಾರು, ವಡೆ, ಒಬ್ಬಟ್ಟು ಬಡಿಸಿದ್ದರು. ರಾಮಚಂದ್ರಪ್ಪನ ಎಲೆಯ ಪಕ್ಕ ಪಂಚೆ. ಶ್ರೀಧರನ ಎಲೆಯ ಪಕ್ಕ ತಟ್ಟೆಯಲ್ಲಿ ಖಾಕಿ, ಕಾಲರಿಗೆ ಅರಿಶಿನ ಕುಂಕುಮ, ಜೇಬಿನ ಮೇಲೆ ‘ಕಲ್ಪನ’ ಅಂತ ಹೆಸರಿನ ಪಟ್ಟಿ. ಕಲ್ಪನ ಗೋಡೆಗೆ ಆನಿಕೊಂಡು ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು. ಅಕ್ಕ ಎಲೆಯ ಮುಂದೆ ಕೂತಿದ್ದಳು.

“ಬಾಪ್ಪ ಜಯರಾಮಪ್ಪ. ನಿಂಗೂ ಗೊತ್ತಿತ್ತಾ?”

“ಗೊತ್ತಿತ್ತಕ್ಕ.”

“ಊರ್ಗೆಲ್ಲ ಗೊತ್ತು. ನನ್ಗೊಬ್ಳಿಗೆ ಗೊತ್ತಿಲ್ಲ. ನಾನು ಇಲ್ಲಿ ಅಸು ಆಲು ಕರ್ಕೊಂಡು, ಸೊಸೆ ಫ್ಯಾನ್ ಕೆಳ್ಗೆ ಕುಂತವ್ಳೆ ಅಂತ ಎಲ್ರಿಗೂ ಏಳ್ಕೊಂಡು ತಿರುಗ್ದೆ.”

“ತಪ್ಪೆಲ್ಲ ನಂದೇ ಅಕ್ಕ. ಪೊಟ್ಟಣ ಅದಲು ಬದಲಾಯ್ತು. ಇಗೋ, ಇದು ಶ್ರೀಧರಂದು. ಅದನ್ನ ತೆಗೆದು ಇದನ್ನಿಡಕ್ಕ,” ಅಂತ ಪೊಟ್ಟಣ ಚಾಚಿದೆ.

“ಅರಿಶಿನ ಅಚ್ಚಾಯ್ತು. ಇಟ್ಟಿದ್ದನ್ನ ತೆಗ್ಯೋದುಂಟಾ?”

“ನೋಡಿದ ಮೇಲೂ ಯಾಕಕ್ಕ ಇಟ್ಟೆ?”

“ಇನ್ನೇನಪ್ಪ ಮಾಡ್ಲಿ? ಎಲೆ ಆಕಾಗಿತ್ತು. ನನ್ ಮಗುನ್ ಮುಂದೆ ಬರೀ ತಟ್ಟೆ ಇಡ್ಲಾ?”

ಅಷ್ಟಂದು ಅಕ್ಕ ಗೊಳೋ ಅಂತ ಅತ್ತಳು. ಕಲ್ಪನ ಬಂದು ಅವಳ ಕಾಲ ಹತ್ತಿರ ಕೂತಳು.

“ಮನೇಲೇ ಕುಂತು ಫೋಟೋ ಒರೆಸ್ಕೊಂಡಿದ್ರೆ ನಾನೂ ಸತ್ತೋಗ್ತಿದ್ದೆ ಅತ್ತೆ. ಓಡಾಡಿದ್ರೆ, ಬೆವ್ರು ಸುರ್ಸಿದ್ರೆ, ರಾತ್ರಿಗೆ ನಿದ್ದೆನಾದ್ರೂ ಬರ್ತೈತೆ ಅನ್ನಿಸ್ತು. ಸುಳ್ಳೇಳಿದ್ದು ತಪ್ಪಾಯ್ತು.”

“ನೀನೂ ಅವ್ನಂಗೇ ಓಗ್ಬಿಟ್ರೆ? ನಾನೂ ನಿನ್ ಮಗ್ಳೂ ಯಾರ್ ಮಕ ನೋಡ್ಕೊಂಡಿರ್ಬೇಕೇ?”

ಹೊರಗೆ ಹಸುವೊಂದು ಕೂಗುತ್ತಿತ್ತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ಖಾಕಿಯ ತಟ್ಟೆಯನ್ನು ಸೊಸೆಯ ಮಡಿಲಲ್ಲಿಟ್ಟಳು.

“ಎಡೆಗಿಟ್ಟಿದ್ದನ್ನ ಉಡ್ದಂಗೆ ಬಿಡಾಕಾಗಲ್ಲ. ಉಟ್ಕೊ. ಆದ್ರೆ ನಿನ್ನ ಆ ಬಟ್ಟೇಲಿ ನಾನು ನೋಡಲ್ಲ. ಈ ಸಲ ಅವ್ನ ಎಸ್ರು ಓದೋ ಪರೇಡ್‌ಗೂ ಬರಲ್ಲ. ಬಾ ಅಂತ ಯಾರೂ ಕರೀಬ್ಯಾಡ್ರಿ.”

ನನಗೂ ಎಲೆ ಹಾಕಿದರು. ಎಡೆಯ ಊಟ ಬೇಡ ಅನ್ನುವಂತಿಲ್ಲ. ಉಂಡು ಎದ್ದೆ. ಸೋಮವಾರ ಸೆಲ್ವಿಯ ಹತ್ತಿರ ತಪ್ಪಾಯಿತು ಅಂದೆ. ಮೂವತ್ತೊಂದು ವರ್ಷದಲ್ಲಿ ಯಾರಿಗೂ ಹಾಗೆ ಅಂದವನಲ್ಲ. ಅವಳು ಗಾಬರಿಯಾಗಿ, ಮೈ ಹುಷಾರಿಲ್ಲವಾ ಅಣ್ಣಾ ಅಂತ ಕೇಳಿದಳು.

ಆ ಒಂದು ತಿಂಗಳು ಕಲ್ಪನ ದಿನಾ ಖಾಕಿಯಲ್ಲೇ ಮನೆ ಬಿಟ್ಟಳು. ಅವಳು ಹೊರಡುವ ಹೊತ್ತಿಗೆ ಅಕ್ಕ ಕೊಟ್ಟಿಗೆಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಿದ್ದಳಂತೆ. ಬುತ್ತಿ ಮಾತ್ರ ಕಟ್ಟಿ ಬಾಗಿಲ ಬಳಿ ಇಟ್ಟಿರುತ್ತಿದ್ದಳು. ಪರೇಡಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಇಲಾಖೆಯ ಆಹ್ವಾನ ಪತ್ರ ಬಂದಾಗ ಅದನ್ನು ಫೋಟೋದ ಹಿಂದೆ ಸಿಕ್ಕಿಸಿಬಿಟ್ಟಳು. ಇದನ್ನೆಲ್ಲ ಕಲ್ಪನ ನನಗೆ ಹೇಳಿ, “ಬರಲ್ಲ ಅಣ್ಣ, ನಂಗೊತ್ತು. ನೀವಾದ್ರೂ ಬನ್ನಿ,” ಅಂದಳು.

ಇಪ್ಪತ್ತೊಂದನೇ ತಾರೀಕು ಹೋದೆ. ಈ ಸಲ ದೀಪಾವಳಿಯೂ ಜೊತೆಗೇ ಬಂದಿತ್ತು, ರಾಬರ್ಟ್‌ಸನ್‌ಪೇಟೆ ಕಡೆಯಿಂದ ಬೆಳಿಗ್ಗೆಯೇ ಪಟಾಕಿ ಸದ್ದು. ಕವಾಯತು ಮೈದಾನದಲ್ಲಿ ಸ್ಮಾರಕದ ಕಲ್ಲಿಗೆ ಹೂ ಸುತ್ತಿದ್ದರು. ಶಾಮಿಯಾನದ ಮುಂದಿನ ಸಾಲಲ್ಲಿ ಹುತಾತ್ಮರ ಮನೆಯವರಿಗೆ ಕುರ್ಚಿ ಹಾಕಿದ್ದರು. ಶ್ರೀಧರನ ಮನೆಯ ಕುರ್ಚಿ ಖಾಲಿ. ನಾನು ಅದರ ಹಿಂದೆಯೇ ಕೂತೆ. ಎದುರಿನ ಮೂರನೇ ಸಾಲಿನ ತುದಿಯಲ್ಲಿ ಕಲ್ಪನ ರೈಫಲ್ ಹಿಡಿದು ನಿಂತಿದ್ದಳು. ಷರ್ಟಿನ ಕಾಲರಿನಲ್ಲಿ ಅರಿಶಿನದ ಕಲೆ ಇನ್ನೂ ಪೂರ್ತಿ ಹೋಗಿರಲಿಲ್ಲ.

‘ಶೋಕ ಶಸ್ತ್ರ’ ಅಂತ ಆಜ್ಞೆ ಬಂತು. ಎಲ್ಲರೂ ರೈಫಲ್ಲಿನ ಮೂತಿ ನೆಲಕ್ಕೆ ಮಾಡಿ, ಹಿಡಿಯ ಮೇಲೆ ಎರಡೂ ಕೈ ಇಟ್ಟು ತಲೆ ಬಗ್ಗಿಸಿದರು. ಅಧಿಕಾರಿಯೊಬ್ಬರು ದೇಶದಲ್ಲಿ ಆ ವರ್ಷ ಸತ್ತವರ ಪಟ್ಟಿ ಓದಿದರು. ಅದು ಮುಗಿದು ನಮ್ಮ ಕಡೆಯವರ ಹೆಸರು ಶುರುವಾಗುವ ಹೊತ್ತಿಗೆ ನನ್ನ ಮುಂದಿನ ಕುರ್ಚಿ ಕಿರ್ ಅಂದಿತು. ನೋಡಿದರೆ ಮುನಿರತ್ನಮ್ಮಕ್ಕ! ಬಸ್ಸಿಳಿದು ಓಡಿ ಬಂದಿದ್ದಳೇನೋ, ಏದುಸಿರು ಬಿಡುತ್ತಿದ್ದಳು.

“ಎಲ್ಲವ್ಳೆ?” ಅಂದಳು.

ನಾನು ತೋರಿಸಿದೆ. ಕಲ್ಪನ ತಲೆ ಬಗ್ಗಿಸಿ ನಿಂತು ಅಳುತ್ತಿದ್ದಳು. ಕೆನ್ನೆಯಿಂದ ಇಳಿದ ನೀರು ಗಲ್ಲದಿಂದ ತೊಟ್ಟಿಕ್ಕಿ ಕೈಮೇಲೆ ಬೀಳುತ್ತಿತ್ತು. ಶೋಕ ಶಸ್ತ್ರದಲ್ಲಿ ನಿಂತವರು ಕೈ ಎತ್ತುವ ಹಾಗಿಲ್ಲ. ಮೂಗು ಸೋರಿದರೂ ಒರೆಸಿಕೊಳ್ಳುವ ಹಾಗಿಲ್ಲ.

ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಸೀದಾ ಮೈದಾನಕ್ಕೆ ಇಳಿದೇಬಿಟ್ಟಳು. ಅಯ್ಯೋ, ಅಕ್ಕ, ಹೋಗಬಾರದು ಅಂತ ನಾನೂ ಹಿಂದೆ ಓಡಿದೆ. ಒಬ್ಬ ಎ.ಎಸ್.ಐ ಅಡ್ಡ ಬರಲು ಹೆಜ್ಜೆ ಇಟ್ಟವನು ಯಾರು ಅಂತ ಗುರುತಾಗಿ ನಿಂತುಕೊಂಡ. ಅಕ್ಕ ಸಾಲುಗಳ ಪಕ್ಕದಿಂದ ನಡೆದು ಸೊಸೆಯ ಮುಂದೆ ನಿಂತು, ಸೆರಗು ಎಳೆದುಕೊಂಡು ಅವಳ ಕಣ್ಣು, ಕೆನ್ನೆ, ಮೂಗು ಒರೆಸಿದಳು. ಕಲ್ಪನ ಅಲುಗಲಿಲ್ಲ.

“ಅಳ್ಬ್ಯಾಡ. ನೆಟ್ಗೆ ನಿಂತ್ಕೊ,” ಅಂದಳು ಅಕ್ಕ. “ಈಗ ಅವ್ನ ಎಸ್ರು ಬತ್ತೈತೆ.”

ಓದುತ್ತಿದ್ದ ಅಧಿಕಾರಿ ಕಾಗದ ಹಿಡಿದುಕೊಂಡು ಕಾದರು. ಅಕ್ಕ ವಾಪಸ್ ಬರಲಿಲ್ಲ. ಸೊಸೆಯ ಎಡಗಡೆಗೆ ಸರಿದು, ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡು ಸಾಲಿನಲ್ಲೇ ನಿಂತಳು. ಆಮೇಲೆ ಅವರು ಓದಿದರು: “ಶ್ರೀಧರ್ ಆರ್., ಕಾನ್‌ಸ್ಟೆಬಲ್.”