ಮೂವರಿಗೆ ಶಿಕ್ಷೆಯಿಲ್ಲ

ಗೆದ್ದಾಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ನಗೋಣವೆಂದರೆ ಎದುರಿಗೇ ಕೋಚ್ ಕೂತಿದ್ದ. ಗಂಭೀರವಾಗಿರೋಣವೆಂದರೆ ತುಟಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸತೊಡಗಿದ. ಕನ್ನಡಕ ಒರೆಸುವವನ ಮುಖವನ್ನು ಯಾರೂ ನೋಡುವುದಿಲ್ಲ.

"ಹಾಗಾದ್ರೆ ಎಲ್ಲರೂ ಒಪ್ಪಿದ ಹಾಗೆ," ಎಂದರು ಪ್ರಾಂಶುಪಾಲರು.

ತರ್ಕಶಾಸ್ತ್ರ ಪಾಠ ಹೇಳುವ ಅವನಿಗೆ ಈ ಕಾಲೇಜಿನಲ್ಲಿ ಸಭೆಯೆಂದರೆ ಬಿಸ್ಕತ್ತು ತಿಂದು ಸಹಿ ಹಾಕಿ ಬರುವ ಜಾಗ. ಮಾತು ಮಾತಿಗೂ 'ಆದ್ದರಿಂದ' ಅನ್ನುತ್ತಾನೆಂದು ವಿದ್ಯಾರ್ಥಿಗಳು ಅವನಿಗೆ ಆದ್ದರಿಂದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ತನ್ನ ಕಿವಿಗೇ ಬಿದ್ದಿಲ್ಲವೆಂಬಂತೆ ನಡೆದುಕೊಳ್ಳುವುದರಲ್ಲಿ ಅವನು ಪಳಗಿಬಿಟ್ಟಿದ್ದ. ಅಂಥವನು ಇವತ್ತು ಎದ್ದು ನಿಂತಿದ್ದ. ಯಾಕೆ ಎದ್ದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ವಿಷಯ ಇಷ್ಟೆ. ಕಾಲೇಜಿನ ಹುಡುಗಿಯರ ರಿಲೇ ತಂಡ ಹೋದ ವರ್ಷ ಕಪ್ ತಂದಿತ್ತು. ನಾಲ್ವರಲ್ಲಿ ಕೊನೆಗೆ ಓಡುವವಳು, ಎಲ್ಲರಿಗಿಂತ ವೇಗದವಳು, ಪರೀಕ್ಷೆಗೇ ಕೂತಿರಲಿಲ್ಲ. ಅವಳ ಹೆಸರಿನಲ್ಲಿ ಬೇರೆ ಯಾರೋ ಬರೆದಿದ್ದರು. ಬರೆಸಿದವನು ಕೋಚ್. ಪಾಸಾಗದವರು ಓಡುವಂತಿಲ್ಲ ಎಂಬುದು ಕಾಲೇಜಿನದೇ ನಿಯಮ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಪ್ರಾಂಶುಪಾಲರ ದಾರಿ. ಎಲ್ಲರಿಗೂ ಒಂದು ಎಚ್ಚರಿಕೆ ಕೊಟ್ಟು ಮುಚ್ಚಿಬಿಡೋಣ ಎಂದಿದ್ದರು. ಗಣಿತದ ಮೇಡಮ್ ಬುಡಸಮೇತ ಕೀಳುವ ಹೆಂಗಸು. ಇಡೀ ತಂಡವನ್ನು ಎರಡು ವರ್ಷ ಹೊರಗಿಡಿ, ಕಂಡವರಿಗೂ ಬುದ್ಧಿ ಬರಲಿ ಎಂದಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ ಎಂದು ಅವನು ಶುರುಮಾಡಿದ. ಕಪ್ ನಮ್ಮದಲ್ಲ, ವಾಪಸು ಕೊಡೋಣ. ಕೋಚ್ ಒಂದು ವರ್ಷ ಮೈದಾನಕ್ಕೆ ಕಾಲಿಡಬಾರದು. ಆ ಹುಡುಗಿ ಈ ವರ್ಷ ಓಡಬಾರದು, ಪರೀಕ್ಷೆಯನ್ನು ತಾನೇ ಬರೆಯಬೇಕು. ಆದರೆ ಅವಳ ಸೀಟು, ಹಾಸ್ಟೆಲ್ಲು, ಫೀ ರಿಯಾಯಿತಿ ಯಾವುದನ್ನೂ ಮುಟ್ಟಬಾರದು. ಮೀಸೆ ನರೆತವನು ಹೇಳಿದ್ದನ್ನು ಕೇಳಿದ ಮಗು ಅದು. ಇನ್ನು ಉಳಿದ ಮೂವರು ಓಡಿ ಬಂದು ದಣಿದ ಮೈಯಲ್ಲೇ ಓದಿ ಪಾಸಾದವರು. ಅವರು ಮುಂದಿನ ತಿಂಗಳ ಕ್ರೀಡಾಕೂಟದಲ್ಲಿ ಓಡಲೇಬೇಕು. ಅವರನ್ನು ತಡೆದರೆ ಪ್ರಾಮಾಣಿಕತೆಗೇ ದಂಡ ಹಾಕಿದ ಹಾಗೆ.

ತನ್ನ ದನಿ ತನಗೇ ಚೆಂದ ಕೇಳಿಸಿತು.

ಕೋಚ್ ಒಂದೇ ಒಂದು ಸಲ ಬಾಯಿ ತೆರೆದಿದ್ದ. "ಮೇಷ್ಟ್ರೇ, ನೀವು ಯಾವತ್ತಾದ್ರೂ ಮೈದಾನಕ್ಕೆ ಬಂದಿದ್ದೀರಾ?"

"ನ್ಯಾಯಕ್ಕೂ ಮೈದಾನಕ್ಕೂ ಏನು ಸಂಬಂಧ?"

ಎಲ್ಲರೂ ನಕ್ಕರು. ಕೋಚ್ ಇನ್ನೇನೋ ಹೇಳಹೊರಟವನು, "ಆಯ್ತು ಬಿಡಿ," ಎಂದ. ಕೈಗಳು ಮೇಲೆದ್ದವು. ಗಣಿತದ ಮೇಡಮ್ ಅವರದೂ, ಕೊನೆಗೆ ಪ್ರಾಂಶುಪಾಲರದೂ.

ಹೊರಗೆ ಬಂದಾಗ ಕಾರಿಡಾರು ಎಂದಿಗಿಂತ ಅಗಲವಾಗಿ ಕಂಡಿತು. ಎಂದೂ ತಲೆಯೆತ್ತದ ಲೈಬ್ರರಿಯನ್ ಎದ್ದು ಬಂದು ಕೈ ಕುಲುಕಿದರು. ಗಣಿತದ ಮೇಡಮ್ ಕೂಡ, ಇವತ್ತು ನಿಮ್ಮ ದಿನ ಎಂದರು. ಅವನು ಹೆಂಡತಿಗೆ ಫೋನ್ ಮಾಡಿದ.

"ಗೆದ್ದೆ."

"ಏನನ್ನ?"

"ಶಿಕ್ಷೆ."

"ಯಾರಿಗೆ?"

ಅವನು ಯೋಚಿಸಿದ. "ಬಂದು ಹೇಳ್ತೀನಿ."

"ಸರಿ. ಬರ್ತಾ ಗ್ಯಾಸ್ ಲೈಟರ್ ತನ್ನಿ. ಹಳೇದು ಕಿಡಿನೇ ಬಿಡ್ತಿಲ್ಲ."

ಇಷ್ಟು ದೊಡ್ಡ ಗೆಲುವನ್ನು ಹೊತ್ತುಕೊಂಡು ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಆ ಮೂವರಿಗೆ ತಾನೇ ಹೇಳಬೇಕು ಅನ್ನಿಸಿತು. ಕಟ್ಟಡದ ಹಿಂದಿನ ಮೆಟ್ಟಿಲಿಳಿದು ಮೈದಾನಕ್ಕೆ ಹೋದ. ಬೂಟಿನೊಳಕ್ಕೆ ಮರಳು ನುಗ್ಗಿತು.

ಮೂವರೂ ಬೆವರಿನಲ್ಲಿ ತೊಯ್ದು ನಗುತ್ತಾ ನಿಂತಿದ್ದರು. ಬ್ಯಾಟನ್ ಕೋಲು ಹಿಡಿದಿದ್ದ ಕ್ಯಾಪ್ಟನ್ ಹುಡುಗಿ ಮುಂದೆ ಬಂದಳು.

"ಗೊತ್ತಾಯ್ತು ಸರ್. ನಮಗೇನೂ ಆಗಲಿಲ್ವಂತೆ."

"ನಿಮ್ಮ ತಪ್ಪೇನೂ ಇಲ್ಲ. ಆದ್ದರಿಂದ ನೀವು ಓಡಬಹುದು."

ಗಿಡ್ಡ ಕೂದಲಿನವಳು ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿದಳು.

"ಓಡಬಹುದು ಸರ್," ಎಂದಳು ಕ್ಯಾಪ್ಟನ್. "ಆದ್ರೆ ರಿಲೇಗೆ ನಾಲ್ಕು ಜನ ಬೇಕು."

ಬೇರೆ ಒಬ್ಬಳನ್ನು ಸೇರಿಸಿಕೊಳ್ಳಿ ಎಂದ. ಕೋಚ್ ಸರ್ ಕಾಲೇಜೆಲ್ಲ ಜಾಲಾಡಿದಾಗ ಸಿಕ್ಕಿದ್ದೇ ನಾವು ನಾಲ್ವರು, ಈಗ ಹೊಸಬಳನ್ನು ಹುಡುಕಿ ಕಲಿಸುವವರೂ ಇಲ್ಲ ಎಂದಳು. ಅದರಲ್ಲಿ ದೂರಿರಲಿಲ್ಲ. ಬಸ್ಸು ಹೋಯಿತೆಂದು ಹೇಳುವವರ ಹಾಗೆ ಹೇಳಿದಳು.

ತರ್ಕದವನಿದ್ದ, ಗಣಿತದವರೂ ಇದ್ದ ಸಭೆ. ನಾಲ್ಕರಲ್ಲಿ ಒಂದು ಕಳೆದರೆ ಏನು ಉಳಿಯುತ್ತದೆಂದು ಒಬ್ಬರೂ ಕೇಳಿರಲಿಲ್ಲ.

"ಆದ್ರೂ ತೀರ್ಪು ಸರಿಯೇ," ಎಂದ.

"ಸರಿಯೇ ಸರ್. ಅವಳ ಸೀಟು ಉಳೀತಲ್ಲ, ಅದೇ ದೊಡ್ಡದು. ಬೆಳಿಗ್ಗೆಯಿಂದ ಅಳ್ತಾ ಕೂತಿದ್ಲು, ಈಗ ಊಟ ಮಾಡ್ತಿದ್ದಾಳೆ." ಅವಳು ಮನಸಾರೆ ಹೇಳುತ್ತಿದ್ದಳು. ಅದು ಅವನಿಗೆ ಇನ್ನೂ ಕಷ್ಟವಾಯಿತು. ಆದರೂ ಎದೆ ಉಬ್ಬಿಯೇ ಇತ್ತು. ಇಳಿಸುವುದು ಹೇಗೆಂದು ತಿಳಿಯಲಿಲ್ಲ.

"ಸರ್, ಪುರುಸೊತ್ತಿದ್ರೆ ಸ್ವಲ್ಪ ಅಲ್ಲಿ ನಿಂತ್ಕೊಳ್ತೀರಾ? ಬ್ಯಾಟನ್ ಕೊಡೋದು ಮರೆತುಹೋಗ್ಬಾರ್ದು, ಅದಕ್ಕೆ."

ಅವನು ಚೀಲ ಕೆಳಗಿಟ್ಟು ನಾಲ್ಕನೆಯವಳು ನಿಲ್ಲುವ ಜಾಗದಲ್ಲಿ ನಿಂತ. ಕ್ಯಾಪ್ಟನ್ ಅವನ ಬಲಗೈಯನ್ನು ಹಿಂದಕ್ಕೆ ಚಾಚಿಸಿ, ಅಂಗೈ ಬಿಡಿಸಿ, ಹೆಬ್ಬೆರಳನ್ನು ದೂರ ಸರಿಸಿದಳು.

"ಹಿಂದೆ ತಿರುಗಿ ನೋಡ್ಬೇಡಿ ಸರ್. ತಾನಾಗೇ ಕೈಗೆ ಬರುತ್ತೆ."

"ಬಂದ ಮೇಲೆ?"

"ಓಡಬೇಕು ಸರ್."

ಅವಳು ಹೋದಳು. ಮುಂದೆ ಸುಣ್ಣದ ಗೆರೆ ಮಾಸುತ್ತಾ ಬಾಗಿಹೋಗಿತ್ತು. ಅದರ ಕೊನೆಯಲ್ಲಿ ಯಾರೂ ಇರಲಿಲ್ಲ. ಬೇಲಿಯಾಚೆ ಪ್ರಾಂಶುಪಾಲರ ಕಾರು ನಿಧಾನವಾಯಿತು. ಕಿಟಕಿಯಿಂದ ಒಂದು ಹೆಬ್ಬೆರಳು ಮೆಚ್ಚುಗೆಯಿಂದ ಮೇಲೆದ್ದು ಮುಂದೆ ಸಾಗಿತು. ಮರುಸನ್ನೆ ಮಾಡಲು ಅವನ ಬಲಗೈ ಬಿಡುವಾಗಿರಲಿಲ್ಲ.

ಬೆನ್ನ ಹಿಂದೆ ದೂರದಲ್ಲಿ ಹೆಜ್ಜೆಗಳು ಶುರುವಾದವು. ಒಬ್ಬಳದು ನಿಂತು ಇನ್ನೊಬ್ಬಳದು, ಅದೂ ನಿಂತು ಮತ್ತೊಬ್ಬಳದು. ಹತ್ತಿರ ಬಂದವು. ತೀರಾ ಹತ್ತಿರ. ಆಮೇಲೆ ಅವೂ ನಿಂತವು, ಕೈಗೆ ಇನ್ನೂ ಏನೂ ಬಂದಿರಲಿಲ್ಲ.

ಅವನು ಹಿಂದೆ ನೋಡಲಿಲ್ಲ. ಬೆರಳುಗಳನ್ನು ಇನ್ನಷ್ಟು ಅಗಲಿಸಿದ.