ಉಸಿರು ಸಿಕ್ಕಿಕೊಂಡ ಜಾಗ

ನರ್ಸಮ್ಮನ ಬಿಳಿ ಕೋಟಿನ ಎಡತೋಳಿಗೆ ಇಸ್ತ್ರಿ ಮುಗಿಸಿ ಬಲತೋಳು ಹರಡಿದ್ದಷ್ಟೇ ಅವಳಿಗೆ ನೆನಪು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಬೆಚ್ಚಿ ಕಣ್ಣುಬಿಟ್ಟಳು. ನಿಂತಲ್ಲೇ ತೂಕಡಿಸಿದ್ದಳು. ಕೋಟಿನ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಮೂಡಿತ್ತು.

ಅವರ ಇಸ್ತ್ರಿ ಅಂಗಡಿಯ ಇನ್ನೊಂದು ಮೇಜಿನಿಂದ ಗಂಡ ತಿರುಗಿ ನೋಡಿದ. "ರಾತ್ರಿಯೆಲ್ಲ ಬೀದಿಗೇ ಕೇಳೋ ಹಾಗೆ ಗೊರಕೆ ಹೊಡೀತೀಯ. ಆದ್ರೂ ನಿದ್ದೆ ಸಾಲಲಿಲ್ವಾ?"

ಅವಳು ನಕ್ಕಳು. ಗೊರಕೆಯ ಮಾತು ಬಂದಾಗೆಲ್ಲ ಹಾಗೇ ನಗುತ್ತಾಳೆ, ಒಳಗೆ ಕುಗ್ಗಿಹೋಗುತ್ತಾಳೆ. ನೆಂಟರ ಮನೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಮಲಗಿದರೆ ಅವಳೊಬ್ಬಳು ಗೋಡೆಗೊರಗಿ ಬೆಳಗಿನವರೆಗೂ ಎಚ್ಚರ ಕೂತಿರುತ್ತಾಳೆ. ಈಗ ಮಗಳು ಏಳು ತಿಂಗಳ ಬಸುರಿ. ಬಾಣಂತನಕ್ಕೆ ನೀನೇ ಬರಬೇಕು ಎಂದು ಎರಡು ಸಲ ಫೋನ್ ಮಾಡಿದ್ದಳು. ಇವಳು ಅಂಗಡಿಯ ನೆಪ ಹೇಳಿದ್ದಳು. ನಿಜವಾದ ಭಯ ಬೇರೆಯೇ ಇತ್ತು: ಮಗು ತೋಳಲ್ಲಿರುವಾಗ ಹೀಗೇ ಕಣ್ಣು ಮುಚ್ಚಿಹೋದರೆ?

ಸಂಜೆ ಬಂದ ನರ್ಸಮ್ಮ ಸುಟ್ಟ ಕೋಟನ್ನು ಬಿಟ್ಟು ಅವಳ ಮುಖ ನೋಡಿದರು. ಬೆಳಿಗ್ಗೆ ತಲೆನೋವಿರುತ್ತದೆಯೇ, ಬಾಯಿ ಒಣಗುತ್ತದೆಯೇ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ವಿಚಾರಿಸಿದರು. ಕೊನೆಯ ಪ್ರಶ್ನೆಗೆ ಗಂಡನೇ ಉತ್ತರಿಸಿದ. ನಡುನಡುವೆ ಗೊರಕೆ ಪೂರ್ತಿ ನಿಂತು, ಆಮೇಲೆ ನೀರಿನಿಂದ ಮೇಲೆದ್ದವಳ ಹಾಗೆ ಏದುಸಿರು ಬಿಡುತ್ತಾಳಂತೆ.

"ಅದು ಬರೀ ಗೊರಕೆ ಅಲ್ಲ ಅಣ್ಣಾ, ಉಸಿರಿನ ದಾರಿ ಮುಚ್ಚಿಕೊಳ್ತಿರಬಹುದು. ಸ್ಲೀಪ್ ಅಪ್ನಿಯಾ ಅಂತಾರೆ. ಪರೀಕ್ಷೆ ಮಾಡಿಸಿ."

"ಮೂಗು ಕಟ್ಟಿರುತ್ತೆ ಸಿಸ್ಟರ್. ಎರಡು ವರ್ಷದಿಂದ ಹನಿ ಔಷಧಿ ಹಾಕ್ತಾನೇ ಇದೀವಲ್ಲ."

ಡಾಕ್ಟರನ್ನು ಕೇಳದೆ ಹಾಗೆಲ್ಲ ಹಾಕಬಾರದು ಎಂದು ಗದರಿಸಿ, ನರ್ಸಮ್ಮ ಹಬೆ ಇಸ್ತ್ರಿಯ ಪೈಪು ತೋರಿಸಿದರು. "ಇದರಲ್ಲಿ ಹಬೆ ಬರದಿದ್ರೆ ಏನ್ ಮಾಡ್ತೀರಿ?"

"ಎಲ್ಲಿ ಮಡಚಿಕೊಂಡಿದೆ ಅಂತ ತಡವಿ ನೋಡ್ತೀನಿ" ಎಂದವನು ತಾನೇ ತಲೆ ಕೆರೆದುಕೊಂಡ. "ಸರಿ, ನನ್ನ ಬಾಯಲ್ಲೇ ಹೇಳಿಸಿಬಿಟ್ರಿ."

ಆಸ್ಪತ್ರೆಯಲ್ಲಿ ಮೊದಲು ನಿದ್ದೆಯ ಪರೀಕ್ಷೆ. ಬೆರಳಿಗೆ, ಮೂಗಿನ ಕೆಳಗೆ, ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದಷ್ಟೇ. ಗಂಟೆಗೆ ಮೂವತ್ತು ಸಲ ಉಸಿರು ನಿಲ್ಲುತ್ತಿದ್ದದ್ದು ಅದರಲ್ಲಿ ಕಂಡಿತು. ಆಮೇಲೆ ಕಿವಿ-ಮೂಗು-ಗಂಟಲಿನ ಡಾಕ್ಟರು ಕ್ಯಾಮೆರಾ ಇದ್ದ ಸಪೂರ ಕೊಳವೆಯನ್ನು ಮೂಗಿನಿಂದ ಇಳಿಸಿ ನೋಡಿದರು. ಕೆಲವರಿಗೆ ಮಂಪರು ಬರಿಸಿಯೂ ನೋಡಬೇಕಾಗುತ್ತದಂತೆ, ಇವಳಿಗೆ ಬೇಕಾಗಲಿಲ್ಲ. ತುಸು ಕಿರಿಕಿರಿಯಾಯಿತು, ಅಷ್ಟೇ. ಮೂಗು ಚೆನ್ನಾಗಿಯೇ ತೆರೆದಿತ್ತು. ಇಕ್ಕಟ್ಟಾಗಿದ್ದದ್ದು ನಾಲಿಗೆಯ ಹಿಂದೆ. ಮಲಗುವಾಗ ಆ ದಾರಿಯನ್ನು ಗಾಳಿಯಿಂದ ತೆರೆದಿಡುವ ಯಂತ್ರ, ಮುಖಕ್ಕೊಂದು ಮಾಸ್ಕು ಬರೆದುಕೊಟ್ಟರು.

ಮೊದಲ ವಾರ ಮಾಸ್ಕಿನ ಜೊತೆ ಜಗಳವೇ ಆಯಿತು. ಎರಡನೆಯ ತಿಂಗಳಲ್ಲಿ ಅವಳು ಒಂದೇ ಬೆಳಿಗ್ಗೆ ಆಸ್ಪತ್ರೆಯ ನಲವತ್ತು ಕೋಟುಗಳನ್ನು ಆಕಳಿಸದೆ ಮುಗಿಸಿದಳು, ಒಂದಕ್ಕೂ ಸುಟ್ಟ ಕಲೆಯಿಲ್ಲ. ಗಂಡ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಂಡ: "ಮನೇಲಿ ಎಷ್ಟು ನಿಶ್ಶಬ್ದ ಅಂದ್ರೆ, ಈಗ ನನಗೇ ನಿದ್ದೆ ಬರ್ತಿಲ್ಲ."

ಅವನು ಬಟ್ಟೆ ಕೊಡಲು ಹೋದಾಗ ಅವಳು ಹುಟ್ಟಲಿರುವ ಮಗುವಿಗೆಂದು ಹಳೆಯ ಮೆತ್ತನೆಯ ಹತ್ತಿಬಟ್ಟೆಗಳಿಗೆ ಇಸ್ತ್ರಿ ಮಾಡಿ, ಪುಟ್ಟದಾಗಿ ಮಡಚಿ, ಪ್ರಯಾಣದ ಚೀಲದ ತಳದಲ್ಲಿಟ್ಟಳು. ಯಂತ್ರಕ್ಕೂ ಪಕ್ಕದಲ್ಲೇ ಜಾಗ ಬಿಟ್ಟಳು. ಮಗಳ ಮನೆಯಲ್ಲಿ ಗೋಡೆಗೊರಗಿ ಕೂರುವುದಿಲ್ಲ, ಎಲ್ಲರ ನಡುವೆ ಕಾಲುಚಾಚಿ ಮಲಗುತ್ತೇನೆ ಎಂದುಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಹಗಲೆಲ್ಲ ಅವರು ತೂಕಡಿಸುತ್ತಿದ್ದರೆ, ದಯವಿಟ್ಟು ನಗಬೇಡಿ. ಡಾಕ್ಟರ ಹತ್ತಿರ ಕರೆದೊಯ್ದು ಉಸಿರಿನ ದಾರಿ ಎಲ್ಲಿ ಮುಚ್ಚಿದೆ ಎಂದು ನೋಡಿಸಿ. ಗೋಡೆಗೊರಗಿ ಕೂತವಳೊಬ್ಬಳು ನಿಮ್ಮ ಮನೆಯಲ್ಲೂ ಇರಬಹುದು.