ಟಣ್ ಎನ್ನದ ಹಂಚು

ನಲವತ್ತೊಂದನೆಯ ಹಂಚೂ ಮಂಕಾಗಿ 'ಬಡ್' ಎಂದಿತು. ಸೀತು ಅದನ್ನು ಒಡಕಿನ ರಾಶಿಗೆ ಹಾಕಿದಳು.

ಎಡಗೈಯಲ್ಲಿ ಹಂಚು ಹಿಡಿದು ಬಲಗೈಯ ಕಬ್ಬಿಣದ ತುಂಡಿನಿಂದ ಒಮ್ಮೆ ಬಡಿಯಬೇಕು. 'ಟಣ್' ಎಂದರೆ ಗಟ್ಟಿ. ಸ್ವರ ಸತ್ತಿದ್ದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕು ಇದೆ ಎಂದೇ ಲೆಕ್ಕ. ಬ್ರಹ್ಮಾವರದ ಹೊಳೆಬದಿಯ ಆ ಹಂಚಿನ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಅವಳದು ಇದೇ ಕೆಲಸ. ಅದಕ್ಕೂ ಮೊದಲು ಹದಿನೈದು ವರ್ಷ ಮಣ್ಣು ಒತ್ತುವ ಪ್ರೆಸ್ಸಿನ ಪಕ್ಕದಲ್ಲೇ ನಿಂತವಳು. ಅವಳ ಕಿವಿ ಒಪ್ಪಿದ ಹಂಚನ್ನು ಯಾರೂ ಮರಳಿ ತಂದದ್ದಿಲ್ಲ. ಆ ಜಂಬ ಅವಳಿಗೆ ಇತ್ತು, ಇರಲಿ ಬಿಡಿ, ಸುಮ್ಮನೆ ಬಂದದ್ದಲ್ಲ.

"ಸೀತಕ್ಕ, ಇದ್ ಸಮ ಇತ್ತಲ್ದಾ?" ಹಂಚು ಜೋಡಿಸುತ್ತಿದ್ದ ಪೂಜಿತಾ ಮೆಲ್ಲಗೆ ಕೇಳಿದಳು.

"ನಿನ್ನೆ ಮೊನ್ನೆ ಬಂದವ್ಳ್ ನಂಗೆ ಕಲ್ಸೂಕ್ ಬಂದ್ಯಾ? ಸುಮ್ನೆ ಜೋಡ್ಸ್."

ಮಧ್ಯಾಹ್ನ ಮ್ಯಾನೇಜರ್ ಉದಯಶಂಕರ ಬಂದು ರಾಶಿ ನೋಡಿ ಹಣೆ ಚಚ್ಚಿಕೊಂಡರು. "ಎರಡು ಭಟ್ಟಿಯ ಮಾಲು ಹಾಳಾಯ್ತಲ್ಲ ಸೀತು! ತಪ್ಪು ಎಲ್ಲಿ?"

"ಬೆಂಕಿ ಸಮ ಬಿದ್ದಿಲ್ಲೆ ಸಾರ್," ಎಂದುಬಿಟ್ಟಳು. ಭಟ್ಟಿಗೆ ಬೆಂಕಿ ಹಾಕುವ ಗುಡ್ಡ ಅಲ್ಲೇ ನಿಂತಿದ್ದ. ಅವನ ಮುಖ ಕಪ್ಪಿಟ್ಟಿತು.

"ಮೂವತ್ತ್ ವರ್ಷ ಬೆಂಕಿ ಕಂಡವ ನಾನ್! ಕುಣೂಕ್ ಬರ್ದವ್ಳ್ ಅಂಗಳ ಡೊಂಕ್ ಅಂದ್ಳಂಬ್ರ್!"

"ಸಾಕು. ಸೋಮವಾರದಿಂದ ಭಟ್ಟಿಗೆ ಬೇರೆಯವ ಬರ್ತಾನೆ," ಎಂದರು ಉದಯಶಂಕರ.

ಸಂಜೆ ಮನೆಗೆ ಬಂದರೂ ಸೀತುವಿಗೆ ಅನ್ನ ಇಳಿಯಲಿಲ್ಲ. ಗುಡ್ಡ ಕೆಲಸಕ್ಕೆ ಕಳ್ಳಬೀಳುವವನಲ್ಲ, ಅದು ಅವಳಿಗೂ ಗೊತ್ತು. ಹಾಗಾದರೆ ಮಣ್ಣೇ ಕೆಟ್ಟಿತೇ? ಒಂದು ವರ್ಷದಿಂದ ಕಿವಿಯೊಳಗೆ 'ಗುಂಯ್' ಎನ್ನುತ್ತಿತ್ತು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಳ್ಳುತ್ತಿದ್ದಳು. ಥಟ್ಟನೆ ಏನೋ ಹೊಳೆದು ಎದ್ದು ಹೋಗಿ ಬಚ್ಚಲುಮನೆಯ ತಗ್ಗು ಸೂರಿನಿಂದ ಒಂದು ಹಂಚು ಎಳೆದಳು. ಮಗಳ ಮದುವೆಯ ವರ್ಷ ತಾನೇ ಬಡಿದು ಆರಿಸಿ ತಂದದ್ದು. ಹತ್ತು ಮಳೆಗಾಲದಲ್ಲಿ ಒಂದು ಹನಿ ಸೋರಿಲ್ಲ.

ಬಡಿದಳು. 'ಬಡ್.'

ಇನ್ನೊಂದು ಎಳೆದಳು. ಅದೂ ಹಾಗೆಯೇ. ಹತ್ತು ವರ್ಷ ಮಳೆ ತಡೆದ ಹಂಚು ಒಡೆದದ್ದಾಗುವುದು ಹೇಗೆ? ತಲೆಬುಡ ತಿಳಿಯದೆ, ಎರಡೂ ಹಂಚುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಚ್ಚಲ ಕಲ್ಲಿನ ಮೇಲೆ ಕುಳಿತಳು.

ಮರುದಿನ ಒಂದು ಹಂಚನ್ನು ಚೀಲಕ್ಕೆ ಹಾಕಿಕೊಂಡು ಕುಂದಾಪುರದ ಕಿವಿ ಡಾಕ್ಟರ ಬಳಿ ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಬಿರಡೆಯಂಥದ್ದು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ತನ್ನ 'ಗುಂಯ್' ಯಾವುದು, ಅವರ ಸದ್ದು ಯಾವುದು? ಗೊತ್ತಾಗದೆ ಒಮ್ಮೆ ಒತ್ತಿದಳು, ಒಮ್ಮೆ ಬಿಟ್ಟಳು. ಅವರು ಮೂರು ಸಲ ಮೊದಲಿಂದ ಮಾಡಿಸಿದರು.

"ದಪ್ಪ ಸ್ವರ ಚೆನ್ನಾಗಿ ಕೇಳ್ತದೆ ಅಮ್ಮ, ತೆಳು ಸ್ವರ ಹೋಗಿದೆ," ಎಂದರು ಡಾಕ್ಟರ್ ಶ್ರಾವ್ಯ. "ನೀವು ಹೇಳಿದ ಆ ಪ್ರೆಸ್ಸಿನ ಗಲಾಟೆಗೆ ಕಿವಿ ಒಳಗೆ ಪೆಟ್ಟಾಗಿದೆ."

"ನಾ ಕೆಪ್ಪಿ ಅಲ್ಲ. ನೀವ್ ಹೇಳುದ್ ಎಲ್ಲ ಕೇಂತ್ ನಂಗೆ!"

"ಕೇಳ್ತದೆ. ಆದ್ರೆ ಎಲ್ಲ ಸ್ಪಷ್ಟ ಇಲ್ಲ, ಅಲ್ವಾ?"

ಸೀತು ಮಾತು ತಿರುಗಿಸಿದಳು. "ಎಣ್ಣಿ ಬಿಟ್ರೆ ಸಮ ಆತಿಲ್ಯಾ?"

"ಎಣ್ಣೆ ಬಿಡ್ಲೇಬೇಡಿ. ಹೋದದ್ದು ಬರುದಿಲ್ಲ, ಉಳಿದದ್ದನ್ನ ಕಾಪಾಡುವ. ಮಷಿನ್ ಹಾಕಿದ್ರೆ ಮಾತು ಅರ್ಥ ಆಗ್ಲಿಕ್ಕೆ ಸುಲಭ ಆಗ್ತದೆ. ಪ್ರೆಸ್ಸಿನ ಹತ್ರ ಇರುವವರಿಗೆಲ್ಲ ಕಿವಿ ಮುಚ್ಲಿಕ್ಕೆ ಹೇಳಿ."

ಅವಳಿಗೆ ಇನ್ನೂ ನಂಬಿಕೆ ಬರಲಿಲ್ಲ. ಚೀಲದಿಂದ ಹಂಚು ತೆಗೆದು, ಮೇಜಿನ ಮೇಲಿದ್ದ ಚಮಚದಿಂದ ಬಡಿದಳು. ಅವಳಿಗೆ ಕೇಳಿದ್ದು ಅದೇ ಸತ್ತ ಸದ್ದು. ಡಾಕ್ಟರರ ಹುಬ್ಬು ಮೇಲೇರಿತು. ಬಾಗಿಲಾಚೆ ತಾಯಿಯ ಮಡಿಲಲ್ಲಿ ರಚ್ಚೆ ಹಿಡಿದಿದ್ದ ಮಗು ಅಳು ನಿಲ್ಲಿಸಿ, ಎಲ್ಲಿಂದ ಬಂತು ಎಂದು ತಿರುಗಿ ನೋಡಿತು. ಸೀತುವಿಗೆ ಅಳು ಒತ್ತಿಬಂತು.

ಸೋಮವಾರ ಬೆಳಿಗ್ಗೆ ಗುಡ್ಡ ಊರಿಗೆ ಹೊರಡಲು ತನ್ನ ಬಟ್ಟೆಗಂಟು ಹಿಡಿದು ಗೇಟಿನ ಹತ್ತಿರ ಬಂದಿದ್ದ. ಸೀತು ಅವನ ಮುಂದೆಯೇ ಮ್ಯಾನೇಜರರಿಗೆ ಹೇಳಿದಳು.

"ಬೆಂಕಿ ಸಮ ಇತ್ ಸಾರ್. ಹಾಳಾದ್ದ್ ನನ್ನ್ ಕೆಮಿ," ಎಂದು ಕಿವಿ ಮುಟ್ಟಿ ತೋರಿಸಿದಳು.

"ಏನು ಹೇಳ್ತಾ ಇದ್ದೀ? ಹಾಗಾದ್ರೆ ನಿನ್ನ ಕೆಲಸ?"

"ಅದ್ ನಂಗೂ ತಿಳಿತಿಲ್ಲೆ ಸಾರ್."

ಅವಳು ಒಡಕಿನ ರಾಶಿಯ ಮುಂದೆ ಕೂತು ಪೂಜಿತಾಳನ್ನು ಎದುರಿಗೆ ಕೂರಿಸಿಕೊಂಡಳು. ಅಭ್ಯಾಸಬಲದಿಂದ ಕೈ ತಾನಾಗಿ ಹಂಚು ಎತ್ತಿತು. ಬಡಿದು ಹುಡುಗಿಯ ಮುಖ ನೋಡಿದಳು. ಪೂಜಿತಾ ತಲೆಯಾಡಿಸಿದಳು. ಹಂಚು ಒಳ್ಳೆಯ ಸಾಲಿಗೆ ಹೋಯಿತು. ಎರಡನೆಯದೂ ಹೋಯಿತು. ಐದನೆಯದಕ್ಕೆ ಹುಡುಗಿ ಮೂಗು ಮುರಿದಳು, ಅದು ನಿಜಕ್ಕೂ ಒಡಕು.

ಗುಡ್ಡ ಗಂಟು ಕೆಳಗಿಟ್ಟು ಮೆಲ್ಲನೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸೀತು ಆರನೆಯ ಹಂಚು ಎತ್ತಿ ಬಡಿದಳು. ಅವನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಆ ಸ್ವರ ಪೂರ್ತಿ ಕರಗುವ ತನಕ ಕೇಳುತ್ತ ಕೂತ.

ಅವನು ಕಣ್ಣು ತೆರೆಯುವ ಮೊದಲೇ ಸೀತು ಅದೇ ಹಂಚನ್ನು ಅವನಿಗಾಗಿ ಇನ್ನೊಮ್ಮೆ ಬಡಿದಳು.